ಸದ್ದಿನ ಮೇಲಿನ ಕೋಣೆ

ಕಲಾಸಿಪಾಳ್ಯದ ಟ್ರಾವೆಲ್ಸ್ ಅಂಗಡಿಯಲ್ಲಿ
ಫ್ಯಾನು ನಮ್ಮ ಕಡೆ ತಿರುಗುವುದೇ ಇಲ್ಲ.
ನಯಾಜ್ ಸಾಹೇಬರು ಮೊಬೈಲಿನ ಗಾಜು ಅಂಗಿಗೆ ಒರೆಸಿಕೊಂಡು
ಗೋವಾದ ಕೋಣೆಗಳನ್ನು ಒಂದೊಂದೇ ತೋರಿಸುತ್ತಾರೆ,
ಅಂಗಡಿಯವನು ಸೀರೆಯ ಮಡಿಕೆ ಬಿಚ್ಚಿದ ಹಾಗೆ:
ಸೆರಗು ನೋಡಿ, ಅಂಚು ನೋಡಿ,
ಒಳಮೈ ಮಾತ್ರ ಕೇಳಬೇಡಿ.

ಹದಿನೆಂಟು ರಾತ್ರಿ.
‘ಅಷ್ಟು ದಿನ ಕ್ಯಾಸಿನೋಗೆ ಯಾರೂ ಹೋಗಲ್ಲಮ್ಮ,
ಮೂರು ದಿನಕ್ಕೇ ಜೇಬು ಜಾಡಿಸ್ಕೊಂಡು ಬಸ್ಸು ಹತ್ತುತಾರೆ.’
ನನ್ನ ಗಂಡ ದೇವೇಂದ್ರಪ್ಪ ನಗುತ್ತಾರೆ.
ವರ್ಷಕ್ಕೊಮ್ಮೆ, ದೀಪಾವಳಿ ರಾತ್ರಿ ಮಾತ್ರ ಇಸ್ಪೀಟು ಹಿಡಿದ ಕೈ,
ಗೆದ್ದರೂ ಸೋತರೂ ಬೆಳಿಗ್ಗೆ ಆರಕ್ಕೆ
ಲಾಳಿಗೆ ಕಂಡಿಕೆ ತೊಡಿಸಿದ ಕೈ
ಈಗ ತೊಡೆಯ ಮೇಲೆ ಸುಮ್ಮನೆ ಕೂತಿದೆ.

ಸಮುದ್ರ ಕಾಣುವ ಸೂಟು.
ಕಿಟಕಿಗೇ ದಿನಕ್ಕೆ ಒಂಬೈನೂರು ಹೆಚ್ಚು.
‘ರಾತ್ರಿ ಸಮುದ್ರ ಕಾಣತ್ತಾ?’
‘ಇಲ್ಲಮ್ಮ, ಕತ್ತಲು.’
ಅಂದರೆ ಅರ್ಧ ದುಡ್ಡು ಕತ್ತಲಿಗೆ.
ಬೇಡ.

ಬಾತ್‌ಟಬ್ಬಿನ ಸೂಟು.
ಅದು ತುಂಬುವಷ್ಟು ನೀರೆಂದರೆ
ನಮ್ಮ ವಠಾರಕ್ಕೆ ಒಂದು ಸರದಿಯ ಕಾವೇರಿ.
ಅದರಲ್ಲಿ ಮಲಗಿದರೆ ಪಕ್ಕದ ಮನೆ ನಂಜಮ್ಮಣ್ಣಿ
ಬಿಂದಿಗೆ ಹಿಡಿದು ಬಾಗಿಲಲ್ಲಿ ನಿಂತ ಹಾಗಾದೀತು.

ತಿಂಡಿ ಸೇರಿದ್ದು: ಬ್ರೆಡ್ಡು, ಎರಡು ಹೋಳು ಕಲ್ಲಂಗಡಿ.
ತಿಂಡಿ ಇಲ್ಲದ್ದು, ಒಲೆ ಇರುವುದು
ದಿನಕ್ಕೆ ನಾನೂರು ಕಡಿಮೆ.
ರವೆ, ಸಾರಿನ ಪುಡಿ, ಹುಣಿಸೆ ಗೊಜ್ಜು ಕಟ್ಟಿಕೊಂಡರೆ,
ಬೆರಳು ಮಡಿಸಿದೆ,
ಏಳು ಸಾವಿರದ ಇನ್ನೂರು ಉಳಿಯಿತು.
‘ಅದು ಆಟಕ್ಕೆ’ ಅಂದರು ಇವರು.
‘ಹೌದು, ನನ್ನ ಆಟಕ್ಕೆ’ ಅಂದೆ.

ಆಗ ಸಾಹೇಬರು ದನಿ ತಗ್ಗಿಸಿದರು.
‘ಇನ್ನೊಂದಿದೆ. ಎರಡು ರೂಮು, ಒಲೆ, ಫ್ರಿಜ್ಜು, ಸೋಫಾ.
ಸುಳ್ಳು ಹೇಳಬಾರದು ನೋಡಿ,
ಕ್ಯಾಸಿನೋ ಸರಿಯಾಗಿ ಅದರ ಕೆಳಗೇ.
ರಾತ್ರಿಯೆಲ್ಲ ಮಿಷನ್ನು ಓಡ್ತವೆ, ನೆಲ ಸ್ವಲ್ಪ ನಡುಗುತ್ತೆ,
ಮಲಗಿದೋರು ನಂಗೆ ಫೋನ್ ಮಾಡಿ ಬೈದಿದಾರೆ.
ಅದಕ್ಕೇ ಅರ್ಧ ರೇಟು.’

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಬ್ಬನ್‌ಪೇಟೆಯಲ್ಲಿ ಮೇಲೆ ಮನೆ, ಕೆಳಗೆ ನಾಲ್ಕು ಮಗ್ಗ.
ಮದುವೆಯಾಗಿ ಬಂದ ಮೊದಲ ರಾತ್ರಿ
ಮನೆ ಕುಸಿಯುತ್ತದೆಂದು ಅತ್ತವಳು ನಾನು.
ಮಂಚದ ಪಕ್ಕ ಇಟ್ಟ ನೀರಿನ ಲೋಟ
ಬೆಳಗಾಗುವಷ್ಟರಲ್ಲಿ ತಾನೇ ನಡೆದು ಅಂಚಿಗೆ ಬಂದಿರುತ್ತಿತ್ತು.
ಆಮೇಲೆ ಮೂವತ್ತೊಂದು ವರ್ಷ
ಕರೆಂಟು ಹೋದರೆ ಮಾತ್ರ ಎಚ್ಚರ.
ಮಗಳು ತೊಟ್ಟಿಲಲ್ಲಿ ಮೌನಕ್ಕೆ ಬೆಚ್ಚಿ ಅಳುತ್ತಿದ್ದಳು.

ಹೋದ ಪುಷ್ಯದಲ್ಲಿ ಗುಜರಿಯವರು ಬಂದರು,
ಮಗ್ಗಗಳನ್ನು ಬಿಚ್ಚಿ ಕೆಜಿ ಲೆಕ್ಕದಲ್ಲಿ ಒಯ್ದರು.
ಈ ಪ್ರವಾಸ ಆ ಕಬ್ಬಿಣದ್ದು.
ಅಂದಿನಿಂದ ಇವರು ಹೊರಳುತ್ತಾರೆ,
ನಾನು ಹಲ್ಲಿಯ ಲೊಚಗುಟ್ಟುವಿಕೆ ಎಣಿಸುತ್ತೇನೆ.
ಡಾಕ್ಟರು ಮಾತ್ರೆ ಬರೆದು ಹೇಳಿದ್ದರು:
ಎಲ್ಲಾದರೂ ಶಾಂತವಾದ ಜಾಗಕ್ಕೆ ಹೋಗಿಬನ್ನಿ.

‘ಮಿಷನ್ನು ಎಷ್ಟು ಗಂಟೇವರೆಗೆ?’
‘ನಿಲ್ಲೋದೇ ಇಲ್ಲ ಸಾರ್.’
‘ಕರೆಂಟು ಹೋದರೆ?’
‘ಜನರೇಟರಿದೆ.’
ಇವರು ಎಣಿಸದೆ ಅಡ್ವಾನ್ಸ್ ಕೊಟ್ಟರು,
ಜೀವಮಾನದಲ್ಲಿ ಮೊದಲ ಸಲ.
ರಸೀದಿಯ ಕೆಳಗೆ ಸಾಹೇಬರು ಪೆನ್ನಿನಲ್ಲಿ ಬರೆದು ಗೆರೆ ಎಳೆದರು:
ಸದ್ದಿನ ಬಗ್ಗೆ ದೂರು ತೆಗೆದುಕೊಳ್ಳುವುದಿಲ್ಲ.

ಬಸ್ಸಿನ ಹಿಂದಿನ ಸೀಟು, ಇಂಜಿನ್ನಿನ ನಡುಕ.
ಟೌನ್‌ಹಾಲ್ ಬರುವ ಮೊದಲೇ ಇವರ ತಲೆ
ನನ್ನ ಭುಜಕ್ಕೆ ಬಿತ್ತು, ಬಾಯಿ ತೆರೆದಿತ್ತು.
ಇಳಿಯಬೇಕಾದ ಸ್ಟಾಪು ದಾಟಿತು. ಎಬ್ಬಿಸಲಿಲ್ಲ.
ಕಂಡಕ್ಟರು ಬಂದ.
ನನ್ನದು ಪುಕ್ಕಟೆ. ಇವರ ನಿದ್ದೆಗೆ ಮುಂದಿನ ಟಿಕೆಟ್ಟು
ಏಳು ಸಾವಿರದ ಇನ್ನೂರರಲ್ಲಿ
ಹತ್ತು ರೂಪಾಯಿ ಅಲ್ಲೇ ಹೂಡಿದೆ.